ಅಟ್ಟದಿಂದ ಇಳಿದ ವಿಡಿಯೋ ಗೇಮ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಟೀವಿ ವಿಡಿಯೋ ಗೇಮುಗಳ ಬಗ್ಗೆ ಏನಿದ್ದರೂ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯ ಊರುಗಳಿಂದಲೂ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದಲೂ ಪತ್ರಗಳು ಬಂದಿವೆ. ಹೆಚ್ಚಿನವರ ತಲೆಬಿಸಿ ಎರಡೇ: ಅಡಾಪ್ಟರ್ ಮತ್ತು ಮಳೆಗಾಲ. ಹಾಗಾಗಿ ಅವೆರಡಕ್ಕೆ ಜಾಗ ಜಾಸ್ತಿ ಕೊಟ್ಟಿದ್ದೇವೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಮೆತ್ತಿನ ಮೇಲಿನ ಟ್ರಂಕಿನಲ್ಲಿ ಕಪ್ಪು ಬಣ್ಣದ ವಿಡಿಯೋ ಗೇಮ್ ಸಿಕ್ಕಿತು. ಮೇಲೆ ‘ಟರ್ಮಿನೇಟರ್’ ಎಂದಿದೆ. ಹಳದಿ ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಬರೆದಿದೆ. ಇದು ಸೆಗಾದ್ದೋ, ನಿಂಟೆಂಡೊದ್ದೋ? ಮಗ ಮೊಬೈಲಿನಲ್ಲಿ ಆಡುವ ಮಾರಿಯೋಗಿಂತ ಇದರ ಮಾರಿಯೋ ನಿಧಾನ. ಹಾಳಾಗಿದೆಯೇ?
— ಓದುಗರು, ಶಿರಸಿ

ಉತ್ತರ: ಹಾಳಾಗಿಲ್ಲ. ಎರಡೂ ಕಂಪನಿಗಳದ್ದೂ ಅಲ್ಲ. ತಮಾಷೆಯೆಂದರೆ ನಿಮ್ಮ ಡಬ್ಬಿಯ ಹೊರಮೈ ಸೆಗಾ ಮೆಗಾ ಡ್ರೈವ್‌ನ ನಕಲು, ಒಳಗಿನ ಯಂತ್ರ ಅದರ ಎದುರಾಳಿ ನಿಂಟೆಂಡೊದ ಫ್ಯಾಮಿಕಾಮ್‌ನ ನಕಲು.

ಫ್ಯಾಮಿಕಾಮ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1983ರ ಜುಲೈ 15ರಂದು. ಸೆಗಾದ ಮೊದಲ ಕನ್ಸೋಲ್ ಎಸ್‌ಜಿ-1000 ಬಿಡುಗಡೆಯಾದದ್ದೂ ಅದೇ ದಿನ. ಫ್ಯಾಮಿಕಾಮ್ ಗೆದ್ದಿತು, ಸೆಗಾದ ಯಂತ್ರ ಹಿಂದೆ ಬಿತ್ತು. 1985ರಲ್ಲಿ ಅದೇ ಫ್ಯಾಮಿಕಾಮ್ ಬೇರೆ ಪೆಟ್ಟಿಗೆಯಲ್ಲಿ ಎನ್ಇಎಸ್ ಎಂಬ ಹೆಸರಿನಿಂದ ಅಮೆರಿಕಕ್ಕೆ ಹೋಯಿತು. ಎರಡೂ ಸೇರಿ ಸುಮಾರು 6.19 ಕೋಟಿ ಯಂತ್ರಗಳು ಮಾರಾಟವಾದವು. ತೈವಾನಿನ ಯುಎಂಸಿ ಕಂಪನಿ ಅದರ ಚಿಪ್ಪುಗಳಿಗೆ ಸರಿಹೊಂದುವ ನಕಲು ಚಿಪ್ಪುಗಳನ್ನು ಮಾಡಿದ ಮೇಲೆ ಅಗ್ಗದ ನಕಲು ಯಂತ್ರಗಳು ಏಷ್ಯಾದ ತುಂಬ ಹರಡಿದವು. ನಮ್ಮಲ್ಲಿ ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್ ಎಂದು ಬಂದವೆಲ್ಲ ಇದೇ ಬಳಗದವು.

ಖಚಿತ ಮಾಡಿಕೊಳ್ಳಬೇಕಿದ್ದರೆ ಕ್ಯಾಸೆಟ್ಟಿನ ತುದಿಯ ತಾಮ್ರದ ಪಟ್ಟಿಗಳನ್ನು ಎಣಿಸಿ. ಒಂದು ಬದಿಗೆ 30, ಇನ್ನೊಂದು ಬದಿಗೆ 30, ಒಟ್ಟು 60 ಇದ್ದರೆ ಫ್ಯಾಮಿಕಾಮ್ ಅಳತೆ. ಎನ್ಇಎಸ್ ಕ್ಯಾಸೆಟ್ಟಿಗೆ 72 ಪಟ್ಟಿ. ಯಂತ್ರ ಬಿಚ್ಚಿದಾಗ ಯುಎ6527ಪಿ, ಯುಎ6538 ಎಂಬ ಬರಹದ ಎರಡು ಉದ್ದನೆಯ 40 ಕಾಲಿನ ಚಿಪ್ಪು ಕಂಡರೆ ಹಳೆಯ, ರಿಪೇರಿಗೆ ಒಗ್ಗುವ ಯಂತ್ರ. ಅವುಗಳ ಬದಲು ಬೋರ್ಡಿನ ಮೇಲೆ ಒಂದು ಕಪ್ಪು ಡಾಂಬರಿನ ಬೊಟ್ಟು ಮಾತ್ರ ಇದ್ದರೆ ಎಲ್ಲ ಒಂದೇ ಚಿಪ್ಪಿನಲ್ಲಿ ಅಡಗಿದ ನಂತರದ ಕಾಲದ್ದು. ಬೊಟ್ಟು ಸತ್ತರೆ ಯಂತ್ರ ಸತ್ತಂತೆ.

ನಿಧಾನಕ್ಕೆ ಕಾರಣ ನಮ್ಮ ಟೀವಿ ಪದ್ಧತಿ. ಜಪಾನ್, ಅಮೆರಿಕದ ಎನ್‌ಟಿಎಸ್‌ಸಿ ಟೀವಿಯಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತದೆ, ನಮ್ಮ ಪಾಲ್ ಪದ್ಧತಿಯಲ್ಲಿ 50 ಸಲ. ಆ ಕಾಲದ ಆಟಗಳು ಚಿತ್ರಕ್ಕೊಂದು ಹೆಜ್ಜೆ ಇಡುವಂತೆ ಬರೆದವು. ಆದ್ದರಿಂದ ಜಪಾನಿನಲ್ಲಿ ಒಂದು ನಿಮಿಷದ ಓಟ ನಿಮ್ಮಲ್ಲಿ 1 ನಿಮಿಷ 12 ಸೆಕೆಂಡ್ ಹಿಡಿಯುತ್ತದೆ. ಮಗನ ಮೊಬೈಲಿನಲ್ಲಿ ಓಡುತ್ತಿರುವುದು 60ರ ವೇಗ. ನಿಮ್ಮ ಯಂತ್ರದ ಸದ್ದೂ ಸ್ವಲ್ಪ ಬೇರೆ ಕೇಳುತ್ತದೆ, ಗಮನಿಸಿ. ಬಹಳಷ್ಟು ನಕಲು ಚಿಪ್ಪುಗಳಲ್ಲಿ ಧ್ವನಿ ಅಲೆಯ ಎರಡು ಆಕಾರಗಳು, ಅಂದರೆ 25 ಪ್ರತಿಶತದ್ದು ಮತ್ತು 50 ಪ್ರತಿಶತದ್ದು, ಪರಸ್ಪರ ಅದಲುಬದಲಾಗಿವೆ. ಮೊಬೈಲಿನಲ್ಲೂ ಬಾಲ್ಯದ ವೇಗವೇ ಬೇಕೆಂದಿದ್ದರೆ ಎಮ್ಯುಲೇಟರಿನ (ಹಳೆಯ ಯಂತ್ರದ ಆಟಗಳನ್ನು ಮೊಬೈಲಿನಲ್ಲಿ ಓಡಿಸುವ ಆ್ಯಪಿನ) ರೀಜನ್ ಆಯ್ಕೆಯಲ್ಲಿ ‘ಪಾಲ್’ ಅಲ್ಲ, ‘ಡೆಂಡಿ’ ಆರಿಸಿ. ಡೆಂಡಿ ಎನ್ನುವುದು ರಷ್ಯಾದಲ್ಲಿ ಮಾರಾಟವಾದ ಇಂಥದೇ ನಕಲು ಯಂತ್ರ. ಅದರ ಪ್ರೊಸೆಸರ್ ವೇಗ 1.77 ಮೆಗಾಹರ್ಟ್ಸ್, ನಿಮ್ಮದರಷ್ಟೇ. ನಿಂಟೆಂಡೊದ ಅಸಲಿ ಪಾಲ್ ಯಂತ್ರದ್ದು 1.66 ಮಾತ್ರ. ಹಾಗಾಗಿ ‘ಪಾಲ್’ ಆರಿಸಿದರೆ ಸಂಗೀತದ ಶ್ರುತಿಯೂ ಇಳಿಯುತ್ತದೆ.

ಇನ್ನು ಆ 9999999. ಒಳಗೆ ಇರುವುದು ಬೆರಳೆಣಿಕೆಯ ಆಟಗಳು. ಮೆನು ಪ್ರೋಗ್ರಾಮು ಪ್ರತಿ ಸಾಲಿಗೂ ಅದೇ ಆಟವನ್ನು ಬೇರೆ ಹಂತದಿಂದಲೋ, ಹೆಚ್ಚು ಜೀವದೊಂದಿಗೋ ಶುರುಮಾಡಿಸುತ್ತದೆ. ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್, ಈಗಿನ ಒಂದು ವಾಟ್ಸ್‌ಆ್ಯಪ್ ಫೋಟೊಗಿಂತ ಚಿಕ್ಕದು. ಆದರೂ ಅಗ್ಗದ ಕ್ಯಾಸೆಟ್ಟಿನಲ್ಲಿ ಜಾಗಕ್ಕೆ ಬರವಿತ್ತು, ಅಂಕಿಗೆ ಇರಲಿಲ್ಲ.

ಪ್ರಶ್ನೆ: ಅಡಾಪ್ಟರ್ ಕಳೆದುಹೋಗಿದೆ. ವೈಫೈ ರೌಟರಿನ 12 ವೋಲ್ಟ್ ಅಡಾಪ್ಟರ್ ಚುಚ್ಚಿದೆವು. ಹತ್ತು ನಿಮಿಷ ಆಡಿತು, ಆಮೇಲೆ ಸುಟ್ಟ ವಾಸನೆ ಬಂದು ಚಿತ್ರ ಹೋಯಿತು. ಸರಿಮಾಡಬಹುದೇ? ಯಾವ ಅಡಾಪ್ಟರ್ ತರಬೇಕು?
— ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಹತ್ತು ನಿಮಿಷ ಆಡಿದೆ ಎಂದರೆ ಧ್ರುವ ಸರಿಯಿತ್ತು, ಚಿಪ್ಪು ಬದುಕಿರುವ ಸಾಧ್ಯತೆಯೇ ಹೆಚ್ಚು. ಬೆಂದದ್ದು ಬಹುಶಃ 7805 ಎಂಬ ರೆಗ್ಯುಲೇಟರ್ ಅಥವಾ ಅದರ ಪಕ್ಕದ ಕೆಪಾಸಿಟರ್.

ಈ ಯಂತ್ರಗಳೆಲ್ಲ ಒಳಗೆ ಓಡುವುದು 5 ವೋಲ್ಟಿನಲ್ಲಿ. ಹೊರಗಿನಿಂದ ಬಂದದ್ದನ್ನು 5ಕ್ಕೆ ಇಳಿಸುವುದು 7805ರ ಕೆಲಸ. ಮಿಕ್ಕಿದ್ದನ್ನು ಅದು ಬಿಸಿ ಮಾಡಿ ಚೆಲ್ಲುತ್ತದೆ. ಯಂತ್ರ 400 ಮಿಲಿಆಂಪ್ ಎಳೆಯುತ್ತದೆ ಎಂದುಕೊಳ್ಳಿ. 9 ವೋಲ್ಟ್ ಕೊಟ್ಟರೆ 4 ವೋಲ್ಟ್ ಗುಣಿಸು 0.4, ಅಂದರೆ 1.6 ವ್ಯಾಟ್ ಶಾಖ. 12 ಕೊಟ್ಟರೆ 2.8 ವ್ಯಾಟ್. ಅಸಲಿ ಫ್ಯಾಮಿಕಾಮ್‌ನಲ್ಲಿ ಈ ಶಾಖಕ್ಕೆ ದಪ್ಪ ಅಲ್ಯೂಮಿನಿಯಂ ಪಟ್ಟಿ ಇದೆ. ನಕಲಿನಲ್ಲಿ ಉಗುರಿನಷ್ಟು ತಗಡು, ಕೆಲವದರಲ್ಲಿ ಅದೂ ಇಲ್ಲ.

ಪರೀಕ್ಷೆ ಹೀಗೆ. ಸ್ಕ್ರೂ ಬಿಚ್ಚಿ, ಮೂರು ಕಾಲಿನ 7805 ಹುಡುಕಿ. ಬರಹ ನಿಮ್ಮ ಕಡೆಗಿರುವಂತೆ, ಕಾಲು ಕೆಳಗಿರುವಂತೆ ನೋಡಿದರೆ ಎಡಗಾಲು ಒಳಬರುವ ವೋಲ್ಟ್, ನಡುವಿನದು ಗ್ರೌಂಡ್, ಬಲಗಾಲು 5 ವೋಲ್ಟ್ ಹೊರಗೆ. ಕ್ಯಾಸೆಟ್ ತೆಗೆದಿಟ್ಟು 9 ವೋಲ್ಟ್ ಕೊಟ್ಟು, ನಡು ಮತ್ತು ಬಲಗಾಲಿಗೆ ಮಲ್ಟಿಮೀಟರ್ ಹಿಡಿಯಿರಿ. 4.8ರಿಂದ 5.2ರ ಒಳಗೆ ತೋರಿಸಬೇಕು. ಎಡಗಾಲಲ್ಲಿ 9 ಇದ್ದು ಬಲದಲ್ಲಿ ಏನೂ ಇಲ್ಲದಿದ್ದರೆ 7805 ಹೋಗಿದೆ. ಆದರೆ ಹೊಸದು ಹಾಕುವ ಮೊದಲು ಕರೆಂಟು ತೆಗೆದು ಬಲಗಾಲು ಮತ್ತು ಗ್ರೌಂಡ್ ನಡುವೆ ಶಾರ್ಟ್ ಇದೆಯೇ ನೋಡಿ. ಶಾರ್ಟ್ ಇದ್ದರೆ ತಪ್ಪು ಮುಂದಿನ ಭಾಗದಲ್ಲಿದೆ, ಹೊಸದೂ ಬೇಯುತ್ತದೆ. ಎಡಗಾಲಲ್ಲಿ 9ಕ್ಕಿಂತ ಜಾಸ್ತಿ ಕಂಡರೆ ಬೋರ್ಡಿನದಲ್ಲ, ಅಡಾಪ್ಟರಿನ ತಪ್ಪು. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ತೂಕದ ಅಡಾಪ್ಟರುಗಳು ಹೊರೆ ಇಲ್ಲದಾಗ 12-13 ವೋಲ್ಟ್ ಕೊಡುತ್ತವೆ. ನಮ್ಮಲ್ಲಿ ವೋಲ್ಟೇಜ್ ಏರಿದಾಗ ಇನ್ನೂ ಮೇಲಕ್ಕೆ ಹೋಗುತ್ತವೆ.

7805 ಬದಲಿಸುವಾಗ ಪಕ್ಕದ ಕೆಪಾಸಿಟರನ್ನೂ ಬದಲಿಸಿ. ಮೊದಲಿನದು ಸಾಮಾನ್ಯವಾಗಿ 16 ವೋಲ್ಟಿನದಿರುತ್ತದೆ. ಅಷ್ಟೇ ಮೈಕ್ರೊಫ್ಯಾರಡ್ಡಿನ 25 ವೋಲ್ಟಿನದು ಹಾಕಿ. ತಲೆ ಉಬ್ಬಿದ್ದರೆ ಯೋಚನೆಯೇ ಬೇಡ. ರೆಗ್ಯುಲೇಟರಿನ ಬೆನ್ನಿಗೆ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಿ, ಎರಡು ಬೆರಳಗಲದ ಅಲ್ಯೂಮಿನಿಯಂ ತುಂಡನ್ನು ಸ್ಕ್ರೂ ಮಾಡಿ. ಅದು ಬೋರ್ಡಿನ ಬೇರೆ ಯಾವುದಕ್ಕೂ ತಾಗಬಾರದು.

ಹೊಸ ಅಡಾಪ್ಟರ್: 9 ವೋಲ್ಟ್ ಡಿಸಿ, 1 ಆಂಪಿಯರ್, ಹಗುರವಾದ ಎಸ್‌ಎಂಪಿಎಸ್ ಮಾದರಿ. ಧ್ರುವ ನೋಡಿಕೊಂಡೇ ಕೊಳ್ಳಿ. ಫ್ಯಾಮಿಕಾಮ್ ಬಳಗದ ಹೆಚ್ಚಿನ ಯಂತ್ರಗಳಿಗೆ ಪಿನ್ನಿನ ಒಳಭಾಗ ನೆಗೆಟಿವ್, ಹೊರಭಾಗ ಪಾಸಿಟಿವ್. ಈಗ ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳು ಬಹುತೇಕ ಇದಕ್ಕೆ ಉಲ್ಟಾ. ಅನುಮಾನವಿದ್ದರೆ ಮೀಟರನ್ನು ಬೀಪ್‌ಗೆ ಇಟ್ಟು ಜ್ಯಾಕಿನ ನಡುಕಡ್ಡಿ ಮತ್ತು 7805ರ ನಡುಗಾಲು ಮುಟ್ಟಿಸಿ. ಬೀಪ್ ಎಂದರೆ ಒಳಗೆ ನೆಗೆಟಿವ್.

ಜಪಾನಿನಿಂದ ಯಾರಾದರೂ ತಂದ ಅಸಲಿ ಫ್ಯಾಮಿಕಾಮ್ ಆಗಿದ್ದರೆ ಅದರ ಜೊತೆ ಬಂದ ಅಡಾಪ್ಟರನ್ನು ನಮ್ಮ ಗೋಡೆಗೆ ಚುಚ್ಚಲೇಬೇಡಿ. ಅದು 100 ವೋಲ್ಟಿನದು, ನಮ್ಮದು 230.

ಪ್ರಶ್ನೆ: ಕ್ಯಾಸೆಟ್ ಹಾಕಿದರೆ ಬರೀ ಬೂದು ಪರದೆ, ಇಲ್ಲವೇ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಊದಿ ಹಾಕಿದರೆ ಒಮ್ಮೊಮ್ಮೆ ಬರುತ್ತದೆ. ಪಟ್ಟಿಗಳ ಮೇಲೆ ಹಸಿರು ಕಟ್ಟಿದೆ. ಸಮುದ್ರ ಮನೆಯಿಂದ ಕೂಗಳತೆಯಲ್ಲಿದೆ.
— ಓದುಗರು, ಬೇಲೇಕೇರಿ, ಅಂಕೋಲಾ

ಉತ್ತರ: ಊದುವುದನ್ನು ಇಂದಿಗೇ ಬಿಡಿ. ಊದಿದ್ದರಿಂದ ಆಟ ಬಂದದ್ದಲ್ಲ, ತೆಗೆದು ಮತ್ತೆ ಹಾಕಿದಾಗ ಪಟ್ಟಿ ಹೊಸ ಜಾಗದಲ್ಲಿ ತಾಗಿದ್ದರಿಂದ ಬಂದದ್ದು. ಊದಿದ ಉಸಿರಿನ ತೇವ ತಾಮ್ರಕ್ಕೆ ಅಂಟಿ ಉಳಿಯುತ್ತದೆ. ಕಡಲ ಗಾಳಿಯ ಉಪ್ಪು ಮೊದಲೇ ಅಲ್ಲಿ ಕೂತಿದೆ. ಎರಡೂ ಸೇರಿ ಮಾಡಿದ ಕಿಲುಬೇ ಆ ಹಸಿರು.

ಬೇಕಾದದ್ದು: 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ 100 ಮಿಲಿ, ಕಿವಿಗೆ ಹಾಕುವ ಹತ್ತಿಕಡ್ಡಿ, ಮೆತ್ತನೆ ಹಲ್ಲುಜ್ಜುವ ಬ್ರಷ್, ಬಿಳಿ ವಿನೆಗರ್ ಎರಡು ಚಮಚ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಸ್ವಲ್ಪ. ಕೈಗೆ ಹಚ್ಚುವ ಸ್ಯಾನಿಟೈಸರ್ ಆಗದು. ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ, ಪಟ್ಟಿಯ ಮೇಲೆ ಪದರ ಕಟ್ಟುತ್ತದೆ.

ಕ್ಯಾಸೆಟ್ ಬಿಚ್ಚಿ. ಕೆಲವಕ್ಕೆ ಒಂದು ಸ್ಕ್ರೂ, ಹೆಚ್ಚಿನ ನಕಲು ಕ್ಯಾಸೆಟ್ಟಿಗೆ ಬರೀ ಕೊಕ್ಕೆ. ಅಂಚಿನ ಸಂದಿಯಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ನಿಧಾನ ತಿರುಗಿಸಿದರೆ ಕಟ್ ಎಂದು ಬಿಚ್ಚಿಕೊಳ್ಳುತ್ತದೆ. ಒಣ ಬ್ರಷ್ಷಿನಿಂದ ಧೂಳು, ಜೇಡರ ಬಲೆ ತೆಗೆಯಿರಿ. ಹತ್ತಿಕಡ್ಡಿಯನ್ನು ಆಲ್ಕೊಹಾಲಿನಲ್ಲಿ ಅದ್ದಿ ಪಟ್ಟಿಯ ಉದ್ದಕ್ಕೆ ಎಳೆಯಿರಿ, ಅಡ್ಡಕ್ಕೆ ತಿಕ್ಕಬೇಡಿ. ಅಡ್ಡಕ್ಕೆ ತಿಕ್ಕಿದರೆ ಒಂದು ಪಟ್ಟಿಯ ಕೊಳೆ ಪಕ್ಕದ ಸಂದಿಗೆ ಹೋಗಿ ಕೂರುತ್ತದೆ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಬದಲಿಸುತ್ತಾ ಇರಿ, ಎರಡೂ ಬದಿ.

ಹಸಿರು ಹೋಗದಿದ್ದರೆ ಆ ಜಾಗಕ್ಕಷ್ಟೇ ವಿನೆಗರ್ ಮುಟ್ಟಿಸಿ, ಒಂದೆರಡು ನಿಮಿಷ ಬಿಟ್ಟು ಡಿಸ್ಟಿಲ್ಡ್ ನೀರಿನ ಕಡ್ಡಿಯಿಂದ ಒರೆಸಿ, ಕೂಡಲೇ ಆಲ್ಕೊಹಾಲಿನಿಂದ ಮತ್ತೊಮ್ಮೆ ಒರೆಸಿ. ವಿನೆಗರ್ ಉಳಿದರೆ ಅದೇ ತಾಮ್ರ ತಿನ್ನುತ್ತದೆ. ಪೆನ್ಸಿಲ್ ರಬ್ಬರ್ ಕೊನೆಯ ಅಸ್ತ್ರ. ಬಿಳಿ ಮೆತ್ತನೆಯದು, ನಾಲ್ಕೈದು ಎಳೆತ, ಅಷ್ಟೇ. ಶಾಯಿ ಅಳಿಸುವ ನೀಲಿ ತುದಿ, ಉಪ್ಪುಕಾಗದ, ಹಿತ್ತಾಳೆ ಪಾಲಿಶ್ ಇವೆಲ್ಲ ಮೇಲಿನ ತೆಳು ಲೇಪವನ್ನೇ ತೆಗೆದುಬಿಡುತ್ತವೆ. ಮುಂದಿನ ಮಳೆಗಾಲದಲ್ಲಿ ಹಸಿರು ಇಮ್ಮಡಿ.

ಯಂತ್ರದ ಸ್ಲಾಟ್ ಮರೆಯಬೇಡಿ. ಕ್ಯಾಸೆಟ್ ಬೋರ್ಡಿನಷ್ಟೇ ದಪ್ಪದ ರಟ್ಟಿಗೆ ನೂಲು ಬಿಡದ ಹಳೆಯ ಬನಿಯನ್ ಬಟ್ಟೆ ಸುತ್ತಿ, ಆಲ್ಕೊಹಾಲ್ ತೇವ ಮಾಡಿ ನೇರವಾಗಿ ಐದಾರು ಸಲ ಹಾಕಿ ತೆಗೆಯಿರಿ. ರಟ್ಟು ದಪ್ಪವಾದರೆ ಒಳಗಿನ ಕಡ್ಡಿಗಳು ಅಗಲವಾಗಿ ಕ್ಯಾಸೆಟ್ ಸಡಿಲವಾಗುತ್ತದೆ. ಅರ್ಧ ತಾಸು ಒಣಗಿದ ಮೇಲೆಯೇ ಕರೆಂಟು.

ಇಡುವುದು ಹೇಗೆ ಎಂದು ಕುಮಟಾ, ಹೊನ್ನಾವರದವರೂ ಕೇಳಿದ್ದಾರೆ. ಗಾಳಿಯಾಡದ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ನೀರು ತುಂಬಿದೆ ಎಂದು ಅರ್ಥ. 120 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಿದರೆ ಮತ್ತೆ ನೀಲಿ. ಆ ನೀಲಿ ಬಣ್ಣ ಕೋಬಾಲ್ಟಿನದು, ವಿಷ. ಅಡುಗೆ ಪಾತ್ರೆಯಲ್ಲಿ ಕಾಯಿಸಬೇಡಿ. ಅಕ್ಕಿ ಡಬ್ಬದಲ್ಲಿ ಹೂತಿಡುವ ಪದ್ಧತಿಯಿಂದ ಸ್ಲಾಟಿಗೆ ಅಕ್ಕಿಹುಡಿ ಸೇರುತ್ತದೆಯೇ ಹೊರತು ಬೇರೇನಿಲ್ಲ. ನುಸಿಗುಳಿಗೆ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ, ಬೇಡ. ಘಟ್ಟದ ಮೇಲಿನವರೊಬ್ಬರು ಅಡಿಕೆ ಡ್ರೈಯರಿನಲ್ಲಿ ಇಡಬಹುದೇ ಎಂದು ಕೇಳಿದ್ದಾರೆ. ಅಡಿಕೆಗೆ ಬೇಕಾದ ಬಿಸಿ ಕ್ಯಾಸೆಟ್ಟಿನ ಪ್ಲಾಸ್ಟಿಕ್ಕಿಗೆ ಬೇಡ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅರ್ಧ ತಾಸು ಆಡಿ, ಯಂತ್ರದ ಒಳಬಿಸಿಯೇ ತೇವ ಓಡಿಸುತ್ತದೆ.

ಪ್ರಶ್ನೆ: ದುಬೈನಿಂದ ಬಂದ ಸೆಗಾ ಮೆಗಾ ಡ್ರೈವ್ ಮತ್ತು ಸೂಪರ್ ನಿಂಟೆಂಡೊ ಎರಡೂ ನಮ್ಮ ಮನೆಯಲ್ಲಿವೆ. ಎರಡರಲ್ಲಿ ಯಾವುದು ಮೇಲು ಎಂಬ ಜಗಳ ಅಣ್ಣತಮ್ಮಂದಿರಲ್ಲಿ ಇನ್ನೂ ಮುಗಿದಿಲ್ಲ. ನೀವೇ ಹೇಳಿ.
— ಓದುಗರು, ಭಟ್ಕಳ

ಉತ್ತರ: ಜಗಳ ಮುಗಿಸುವ ಅಂಕಿಗಳಿಲ್ಲ, ಆದರೆ ಯಾವ ಅಂಕಿ ಯಾವ ಆಟದಲ್ಲಿ ಕಾಣುತ್ತದೆ ಎಂದು ಹೇಳಬಹುದು.

ಮೆಗಾ ಡ್ರೈವ್ 1988ರ ಅಕ್ಟೋಬರಿನಲ್ಲಿ ಬಂತು, ಸೂಪರ್ ಫ್ಯಾಮಿಕಾಮ್ (ಜಪಾನಿನಲ್ಲಿ ಸೂಪರ್ ನಿಂಟೆಂಡೊದ ಹೆಸರು) 1990ರ ನವೆಂಬರಿನಲ್ಲಿ. ಸೆಗಾದ 68000 ಪ್ರೊಸೆಸರ್ ಸುಮಾರು 7.6 ಮೆಗಾಹರ್ಟ್ಸ್, ನಿಂಟೆಂಡೊದ್ದು ಹೆಚ್ಚೆಂದರೆ 3.58. ಎರಡೂ ಬೇರೆ ಜಾತಿಯ ಚಿಪ್ಪು, ಅಂಕಿಯಷ್ಟೇ ಅಂತರವಿಲ್ಲ. ಆದರೂ ಪರದೆ ತುಂಬ ಶತ್ರುಗಳು ಬಂದಾಗ ಸೂಪರ್ ನಿಂಟೆಂಡೊದ ಶೂಟಿಂಗ್ ಆಟಗಳು ತೆವಳುತ್ತವೆ, ಸೆಗಾದವು ಅಷ್ಟಾಗಿ ತೆವಳುವುದಿಲ್ಲ. ಬಣ್ಣದಲ್ಲಿ ಸ್ಪರ್ಧೆಯೇ ಇಲ್ಲ. ಸೆಗಾ 512 ಬಣ್ಣಗಳ ಪೆಟ್ಟಿಗೆಯಿಂದ ಒಮ್ಮೆಗೆ 64 ತೋರಿಸಿದರೆ, ನಿಂಟೆಂಡೊ 32,768ರಿಂದ 256. ಸೆಗಾದ ಆಟಗಳಲ್ಲಿ ಆಕಾಶ, ನೆರಳು ಎಲ್ಲ ಚುಕ್ಕಿ ಚುಕ್ಕಿಯಾಗಿ ಕಾಣುವುದು ಇದಕ್ಕೇ. ಹಳೆಯ ಟೀವಿ ಆ ಚುಕ್ಕಿಗಳನ್ನು ಕಲಸಿ ಒಂದು ಮಾಡುತ್ತಿತ್ತು, ಹೊಸ ಟೀವಿ ಎತ್ತಿ ತೋರಿಸುತ್ತದೆ.

ಸದ್ದಿನಲ್ಲಿ ಸೆಗಾದ್ದು ಯಮಹಾದ ಎಫ್ಎಂ ಚಿಪ್ಪು, ಲೋಹದ ಗಡಸು ದನಿ. ನಿಂಟೆಂಡೊದ್ದು ಸೋನಿ ಮಾಡಿಕೊಟ್ಟದ್ದು, ನಿಜವಾದ ವಾದ್ಯಗಳ ತುಣುಕು ನುಡಿಸುವಂಥದ್ದು. ಆ ಚಿಪ್ಪಿನ ಹಿಂದಿದ್ದ ಕೆನ್ ಕುತರಾಗಿ ಮುಂದೆ ಪ್ಲೇಸ್ಟೇಷನ್ನಿನ ಜನಕ ಎನಿಸಿಕೊಂಡರು. 1991ರ ಜೂನಿನಲ್ಲಿ ಸೋನಿ ನಿಂಟೆಂಡೊಗೆ ಸಿಡಿ ಯಂತ್ರ ಮಾಡುವುದಾಗಿ ಘೋಷಿಸಿದ ಮರುದಿನವೇ ನಿಂಟೆಂಡೊ ಫಿಲಿಪ್ಸ್ ಕೈ ಹಿಡಿಯಿತು. ಸೋನಿ ಸ್ವಂತ ಯಂತ್ರ ಮಾಡಿ 1994ರ ಡಿಸೆಂಬರಿನಲ್ಲಿ ಇಳಿಸಿತು, 10 ಕೋಟಿಗೂ ಹೆಚ್ಚು ಮಾರಿತು. ನಿಮ್ಮ ಮನೆಯ ಎರಡು ಯಂತ್ರಗಳ ಜಗಳದಲ್ಲಿ ಗೆದ್ದದ್ದು ಮೂರನೆಯವನು.

ನಮ್ಮ ತೀರ್ಪು ಬೇಕೇಬೇಕು ಎಂದರೆ: ಸೋನಿಕ್ ಥರದ ಓಟ, ಶೂಟಿಂಗ್, ಇಬ್ಬರು ಸೇರಿ ಹೊಡೆದಾಡುವ ಆಟಕ್ಕೆ ಮೆಗಾ ಡ್ರೈವ್. ಒಬ್ಬರೇ ಕೂತು ದಿನಗಟ್ಟಲೆ ಆಡುವ ಕಥೆಯ ಆಟಕ್ಕೆ ಸೂಪರ್ ನಿಂಟೆಂಡೊ. ಮಾರಾಟದಲ್ಲಿ ನಿಂಟೆಂಡೊ ಮುಂದೆ, 4.91 ಕೋಟಿ. ಸೆಗಾ ಸೋತದ್ದು ಈ ಯಂತ್ರದಿಂದಲ್ಲ, ಇದರ ನಂತರದ ಅವಸರದಿಂದ. ಸಿಡಿ ಜೋಡಣೆ, 32ಎಕ್ಸ್ ಜೋಡಣೆ, ಸ್ಯಾಟರ್ನ್ ಎಂದು ಒಂದರ ಬೆನ್ನಿಗೊಂದು ಇಳಿಸಿ ಕೊಂಡವರನ್ನು ನಡುನೀರಿನಲ್ಲಿ ಬಿಟ್ಟಿತು. 1998ರಲ್ಲಿ ಬಂದ ಡ್ರೀಮ್‌ಕಾಸ್ಟ್ ಒಳ್ಳೆಯ ಯಂತ್ರವೇ, ಅಷ್ಟರಲ್ಲಿ ನಂಬುವವರು ಕಡಿಮೆಯಾಗಿದ್ದರು. 2001ರಲ್ಲಿ ಸೆಗಾ ಕನ್ಸೋಲ್ ಮಾಡುವುದನ್ನೇ ಬಿಟ್ಟಿತು. ಭಾರತದಲ್ಲಿ 1995ರಲ್ಲಿ ಶಾ ವ್ಯಾಲೇಸ್ ಮೂಲಕ ಮೆಗಾ ಡ್ರೈವ್ ಅಧಿಕೃತವಾಗಿ ಬಂದಿತ್ತು, ಬೆಲೆ 18,000 ರೂಪಾಯಿ. ಆ ದುಡ್ಡಿಗೆ ನಮ್ಮ ಊರುಗಳಲ್ಲಿ ಯಾರು ಆಟದ ಡಬ್ಬಿ ಕೊಳ್ಳುತ್ತಿದ್ದರು? ನಕಲು ಫ್ಯಾಮಿಕಾಮೇ ಇಲ್ಲಿ ಮನೆಮಾತಾದದ್ದು ಹಾಗೆ.

ಒಂದು ಎಚ್ಚರಿಕೆ: ಈ ಎರಡು ಯಂತ್ರಗಳ ಅಡಾಪ್ಟರನ್ನು ಅದಲುಬದಲು ಮಾಡಬೇಡಿ. ಪಾಲ್ ಸೂಪರ್ ನಿಂಟೆಂಡೊದ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಮೆಗಾ ಡ್ರೈವ್‌ಗೆ ಬೇಕಾದದ್ದು ಡಿಸಿ. ಅದರಲ್ಲೂ ಮೊದಲ ಮಾದರಿಗೆ ಒಳಗೆ ನೆಗೆಟಿವ್, ಚಿಕ್ಕದಾದ ಎರಡನೇ ಮಾದರಿಗೆ ಒಳಗೆ ಪಾಸಿಟಿವ್.

ಪ್ರಶ್ನೆ: ಹೊಸ ಎಲ್ಇಡಿ ಟೀವಿಗೆ ಆಂಟೆನಾ ವೈರಿನಲ್ಲಿ ಜೋಡಿಸಿದೆ. ಚಿತ್ರ ಬಂತು, ಸದ್ದಿನ ಬದಲು ಬುಸ್ಸೆಂಬ ಶಬ್ದ.
— ಓದುಗರು, ಹೊನ್ನಾವರ

ಉತ್ತರ: ಚಿತ್ರ ಬಂದಿದೆ ಎಂದರೆ ಟ್ಯೂನಿಂಗ್ ಸರಿ, ಸದ್ದಿನ ಪದ್ಧತಿ ತಪ್ಪು. ನಮ್ಮ ಪಾಲ್-ಬಿಯಲ್ಲಿ ಸದ್ದು ಚಿತ್ರದಿಂದ 5.5 ಮೆಗಾಹರ್ಟ್ಸ್ ದೂರ. ಹಾಂಗ್‌ಕಾಂಗ್ ಕಡೆಗೆಂದು ಮಾಡಿದ ಯಂತ್ರದಲ್ಲಿ 6.0, ಚೀನಾದ್ದರಲ್ಲಿ 6.5. ಟೀವಿಯ ಅನಲಾಗ್ ಮ್ಯಾನುವಲ್ ಟ್ಯೂನಿಂಗಿಗೆ ಹೋಗಿ ‘ಸೌಂಡ್ ಸಿಸ್ಟಮ್’ ಅನ್ನು ಬಿಜಿಯಿಂದ ಐ ಅಥವಾ ಡಿಕೆಗೆ ಬದಲಿಸಿ, ಸದ್ದು ಸರಿಯಾಗುತ್ತದೆ.

ಯಂತ್ರದಲ್ಲಿ ಹಳದಿ ಎವಿ ತೂತಿದ್ದರೆ ಈ ಗೋಳೇ ಬೇಡ, ಅದರಲ್ಲೇ ಜೋಡಿಸಿ. ಟೀವಿಯಲ್ಲಿ ಹಳದಿ ತೂತಿಲ್ಲದೆ ಇಯರ್‌ಫೋನಿನಂಥ ಒಂದೇ ಎವಿ ತೂತಿದ್ದರೆ ಟೀವಿ ಜೊತೆ ಬಂದ ವೈರನ್ನೇ ಬಳಸಿ. ನಾಲ್ಕು ಭಾಗದ ಆ ಪಿನ್ನಿನಲ್ಲಿ ಗ್ರೌಂಡ್ ಎಲ್ಲಿದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಡಬ್ಬಿ ಕೊಳ್ಳುವಾಗ ದಿಕ್ಕು ನೋಡಿ. ಎಚ್‌ಡಿಎಂಐಯಿಂದ ಎವಿಗೆ ಹೋಗುವುದೂ ನೋಡಲು ಥೇಟ್ ಹಾಗೇ ಇರುತ್ತದೆ. ಗುಂಡಿ ಒತ್ತಿದ ಮೇಲೆ ಮಾರಿಯೋ ತಡವಾಗಿ ಹಾರಿದರೆ ಟೀವಿಯಲ್ಲಿ ‘ಗೇಮ್ ಮೋಡ್’ ಹಾಕಿ.

ಪ್ರಶ್ನೆ: ಬಾತುಕೋಳಿ ಹೊಡೆಯುವ ಬಂದೂಕು ಹೊಸ ಟೀವಿಗೆ ಕೆಲಸವನ್ನೇ ಮಾಡುವುದಿಲ್ಲ. ಬಂದೂಕು ಕೆಟ್ಟಿದೆಯೇ?
— ಓದುಗರು, ಕುಮಟಾ

ಉತ್ತರ: ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದು ಟೀವಿಯನ್ನು ನೋಡುವ ಕಣ್ಣು. ಕುದುರೆ ಎಳೆದ ಕೂಡಲೇ ಆಟ ಒಂದು ಕ್ಷಣ ಇಡೀ ಪರದೆ ಕಪ್ಪಾಗಿಸಿ, ಮುಂದಿನ ಕ್ಷಣ ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ತೋರಿಸುತ್ತದೆ. ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಕತ್ತಲೆಯೇ ಕಾಣದೆ ಬೆಳಕು ಕಂಡರೆ ಮೋಸ, ಹಾಗಾಗಿ ಬಲ್ಬಿಗೆ ಹಿಡಿದು ಅಂಕ ಗಳಿಸಲಾಗದು. ಅಸಲಿ ಬಂದೂಕಿನ ಕಣ್ಣಿಗೆ ಡಬ್ಬಿ ಟೀವಿಯ ಗೆರೆ ಎಳೆಯುವ ವೇಗದಲ್ಲಿ, ಸೆಕೆಂಡಿಗೆ 15 ಸಾವಿರಕ್ಕೂ ಹೆಚ್ಚು ಸಲ ಮಿನುಗುವ ಬೆಳಕೇ ಬೇಕು. ಎಲ್ಇಡಿ ಹಾಗೆ ಮಿನುಗುವುದಿಲ್ಲ, ಮೇಲಿಂದ ಚಿತ್ರವನ್ನೂ ತಡವಾಗಿ ತೋರಿಸುತ್ತದೆ. ಪರಿಹಾರ ಒಂದೇ, ಹಳೆಯ ಡಬ್ಬಿ ಟೀವಿ. ಸಿಕ್ಕಿದರೆ ಹಿಂದಿನ ಮುಚ್ಚಳ ಮಾತ್ರ ನೀವೇ ತೆಗೆಯಬೇಡಿ, ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ.

ಪ್ರಶ್ನೆ: ಜಾಯ್‌ಸ್ಟಿಕ್ಕಿನಲ್ಲಿ ಬಲಕ್ಕೆ ಹೋಗುವುದೇ ಇಲ್ಲ. ಮನೆಯಲ್ಲಿ ಸೆಗಾದ ಜಾಯ್‌ಸ್ಟಿಕ್ ಇದೆ, ಅದೂ 9 ತೂತಿನದೇ. ಹಾಕಬಹುದೇ?
— ಓದುಗರು, ಸಿದ್ದಾಪುರ

ಉತ್ತರ: ಹಾಕಬೇಡಿ. ತೂತು ಒಂದೇ, ಒಳಗಿನ ವೈರು ಬೇರೆ. 5 ವೋಲ್ಟ್ ಹೋಗಬಾರದಲ್ಲಿ ಹೋಗಿ ಯಂತ್ರವೇ ಕೆಡಬಹುದು.

ಒಂದೇ ಗುಂಡಿ ಸತ್ತಿದ್ದರೆ ರಬ್ಬರಿನ ತಳದ ಕಪ್ಪು ಕಾರ್ಬನ್ ಬಿಲ್ಲೆ ಸವೆದಿದೆ. ಬಿಚ್ಚಿ, ಬೋರ್ಡು ಮತ್ತು ಬಿಲ್ಲೆ ಎರಡನ್ನೂ ಆಲ್ಕೊಹಾಲಿನಿಂದ ಹಗುರವಾಗಿ ಒರೆಸಿ. ಆದರೂ ಬಾರದಿದ್ದರೆ ಬಿಲ್ಲೆಗೆ 2ಬಿ ಪೆನ್ಸಿಲ್ ಗೀಚಿ, ಕೆಲವು ವಾರ ಬರುತ್ತದೆ. ಎಲ್ಲ ಗುಂಡಿಯೂ ಸತ್ತಿದ್ದರೆ ವೈರು ತುಂಡಾಗಿದೆ. ಜಾಯ್‌ಸ್ಟಿಕ್ಕಿಗೆ ಬರುವ ಐದು ಎಳೆಗಳಲ್ಲಿ ಒಂದು ತುಂಡಾದರೂ ಸಾಕು. ತುಂಡಾಗುವುದು ಸಾಮಾನ್ಯವಾಗಿ ಬುಡದ ಒಂದು ಗೇಣಿನೊಳಗೆ. ಅಷ್ಟು ಕತ್ತರಿಸಿ, ಬಣ್ಣಗಳ ಕ್ರಮ ಬರೆದಿಟ್ಟುಕೊಂಡು ಮತ್ತೆ ಬೆಸುಗೆ ಹಾಕಿ.

ಪ್ರಶ್ನೆ: ಮೊದಲ ಪ್ಲೇಸ್ಟೇಷನ್, ತಳದಲ್ಲಿ 1002 ಎಂದಿದೆ. ಉಲ್ಟಾ ಮಲಗಿಸಿದರೆ ಮಾತ್ರ ಆಡುತ್ತದೆ. ಯಾಕೆ?
— ಓದುಗರು, ಯಲ್ಲಾಪುರ

ಉತ್ತರ: ಶುರುವಿನ ಮಾದರಿಗಳಲ್ಲಿ ಲೇಸರ್ ಜಾರುವ ಹಳಿ ಪ್ಲಾಸ್ಟಿಕ್ಕಿನದು, ಅದರ ಪಕ್ಕದಲ್ಲೇ ಪವರ್ ಸಪ್ಲೈಯ ಬಿಸಿ. ವರ್ಷಗಟ್ಟಲೆ ಜಾರಿ ಹಳಿ ಸವೆದು ಲೇಸರ್ ಓರೆಯಾಗುತ್ತದೆ. ಉಲ್ಟಾ ಹಾಕಿದಾಗ ತೂಕ ಬೇರೆ ಬದಿಗೆ ಬಿದ್ದು ನೇರವಾಗುತ್ತದೆ. ಆಟ ನಡೆದು, ನಡುವಿನ ಸಿನಿಮಾ ದೃಶ್ಯ ಮಾತ್ರ ತಡವರಿಸಿದರೆ ಇದೇ ರೋಗದ ಆರಂಭ.

ಮೊದಲು ಲೆನ್ಸ್ ಒರೆಸಿ, ಹಳಿಯ ಹಳೆಯ ಗ್ರೀಸ್ ತೆಗೆದು ಪ್ಲಾಸ್ಟಿಕ್ಕಿಗೆ ಆಗುವ ಬಿಳಿ ಗ್ರೀಸ್ ಸಾಸಿವೆಯಷ್ಟು ಹಚ್ಚಿ. ತೆಂಗಿನೆಣ್ಣೆ, ಹೊಲಿಗೆ ಮಷಿನ್ ಎಣ್ಣೆ ಬೇಡ. ಲೇಸರಿನ ಪಕ್ಕದ ಚಿಕ್ಕ ತಿರುಪು ಮುಟ್ಟಬೇಡಿ, ಅದನ್ನು ಏರಿಸಿದರೆ ಎರಡು ದಿನ ಚಂದ ಆಡಿ ಲೇಸರ್ ಸುಡುತ್ತದೆ. ಸವೆತ ಜಾಸ್ತಿಯಿದ್ದರೆ ಇಡೀ ಲೇಸರ್ ಭಾಗವೇ ಹೊಸದು ಹಾಕಬೇಕು. ಹೊಸದರಲ್ಲಿ ಸ್ಥಿರವಿದ್ಯುತ್ ತಡೆಗೆ ಒಂದು ಬೆಸುಗೆಯ ಬೊಟ್ಟು ಇರುವುದುಂಟು. ಅದನ್ನು ತೆಗೆಯದೆ ಹಾಕಿ ‘ಹೊಸದೂ ಕೆಟ್ಟದ್ದೇ’ ಎಂದು ಬೈಯುವವರು ಬಹಳ.

ಪ್ರಶ್ನೆ: ಸೂಪರ್ ಮಾರಿಯೋ ವರ್ಲ್ಡ್ ಕ್ಯಾಸೆಟ್ಟಿನಲ್ಲಿ ಸೇವ್ ಉಳಿಯುತ್ತಿಲ್ಲ.
— ಓದುಗರು, ಸದಾಶಿವಗಡ, ಕಾರವಾರ

ಉತ್ತರ: ಒಳಗೆ ಸಿಆರ್2032 ಬ್ಯಾಟರಿ ಮುಗಿದಿದೆ. 3.8 ಮಿಲಿಮೀಟರಿನ ವಿಶೇಷ ಸ್ಕ್ರೂಬಿಟ್ಟಿನಿಂದ ಬಿಚ್ಚಿ. ಮೀಟರಿನಲ್ಲಿ 2.5 ವೋಲ್ಟಿಗಿಂತ ಕಡಿಮೆ ಇದ್ದರೆ ಬದಲಿಸಿ. ಕಾಲು ಬೆಸೆದೇ ಬರುವ ಬ್ಯಾಟರಿ ತನ್ನಿ. ಸಾದಾ ಬ್ಯಾಟರಿಗೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಸಿಡಿಯಬಹುದು. ಟೇಪು ಸುತ್ತಿ ನಿಲ್ಲಿಸಿದರೆ ನಮ್ಮ ಸೆಖೆಗೆ ಅಂಟು ಕರಗಿ ಜಾರುತ್ತದೆ.

ಪ್ರಶ್ನೆ: ಗೇಮ್ ಬಾಯ್ ಈಗಲೂ ಚಾಲೂ ಆಗುತ್ತದೆ, ಅದಕ್ಕಿಂತ ಬಣ್ಣದ ಪರದೆಯ ಸೆಗಾ ಗೇಮ್ ಗಿಯರ್ ಮಾತ್ರ ಮಸುಕು, ಸದ್ದೂ ಇಲ್ಲ. ಇದೇಕೆ?
— ಓದುಗರು, ಮುರ್ಡೇಶ್ವರ

ಉತ್ತರ: ಗೇಮ್ ಗಿಯರಿನ ಒಳಗಿನ ಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಸೋರುತ್ತವೆ. ಈ ಮಾದರಿಯ ಹುಟ್ಟುರೋಗ ಅದು. ಎಲ್ಲವನ್ನೂ ಬದಲಿಸಿ, ಸೋರಿದ ದ್ರವವನ್ನು ಆಲ್ಕೊಹಾಲಿನಿಂದ ತೊಳೆದರೆ ಬಹುಪಾಲು ಬದುಕುತ್ತವೆ. ತಡಮಾಡಿದರೆ ದ್ರವ ಬೋರ್ಡಿನ ಗೆರೆಗಳನ್ನೇ ತಿನ್ನುತ್ತದೆ. ಆ ಕಾಲದಲ್ಲೂ ಗೇಮ್ ಗಿಯರ್ ಸೋತದ್ದು ಸೆಲ್ಲಿನಿಂದ. ಆರು ಸೆಲ್ ಹಾಕಿದರೆ ಮೂರರಿಂದ ಐದು ತಾಸು. ಬಣ್ಣವಿಲ್ಲದ, ಒಳಬೆಳಕಿಲ್ಲದ ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ತಾಸು ದಾಟುತ್ತಿತ್ತು.

ಪ್ರಶ್ನೆ: ಜಾತ್ರೆಯಲ್ಲಿ ಸಿಗುವ ‘400 ಇನ್ 1’ ಕೈ ಗೇಮು ಹಳೆಯದೇ ಯಂತ್ರವೇ?
— ಓದುಗರು, ಗೋಕರ್ಣ

ಉತ್ತರ: ಹೌದು, ಶಿರಸಿಯವರಿಗೆ ಹೇಳಿದ ಅದೇ ಕಪ್ಪು ಬೊಟ್ಟು, ಅದೇ ಫ್ಯಾಮಿಕಾಮ್ ವಂಶ. ಬ್ಯಾಟರಿ ಹಳೆಯ ಮೊಬೈಲಿನ ಬಿಎಲ್-5ಸಿ ಅಳತೆಯದು. ಉಬ್ಬಿದ್ದರೆ ಚುಚ್ಚದೆ, ಚಾರ್ಜ್ ಮಾಡದೆ ಬದಲಿಸಿ.

ಪ್ರಶ್ನೆ: ಕಾಂಟ್ರಾದಲ್ಲಿ 30 ಜೀವ ಬರುವ ಗುಂಡಿಗಳ ಕ್ರಮ ಮರೆತುಹೋಗಿದೆ.
— ಓದುಗರು, ದಾಂಡೇಲಿ

ಉತ್ತರ: ಹೆಸರಿನ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್. ಇಬ್ಬರು ಆಡುವುದಿದ್ದರೆ ಸ್ಟಾರ್ಟಿಗೆ ಮೊದಲು ಒಮ್ಮೆ ಸೆಲೆಕ್ಟ್. ನಕಲು ಜಾಯ್‌ಸ್ಟಿಕ್ಕಿನಲ್ಲಿ ಎ, ಬಿ ಮೇಲ್ಗಡೆ ಇನ್ನೆರಡು ಟರ್ಬೊ ಗುಂಡಿ ಇರುತ್ತವೆ, ಅವನ್ನು ಒತ್ತಿದರೆ ಒಂದೇ ಒತ್ತು ಹತ್ತಾಗಿ ಎಣಿಕೆ ತಪ್ಪುತ್ತದೆ. ಕೆಳಗಿನವನ್ನೇ ಒತ್ತಿ.